ಮುಕ್ತ ಮಾರುಕಟ್ಟೆ ಅಂದರೆ ಸರ್ಕಾರವೇ ಬೇಡ ಅಂತಲಾ? ಇತಿಹಾಸ ಏನು ಹೇಳುತ್ತದೆ?

ಹಳೇಪುಟ:

ಮಾರುಕಟ್ಟೆ ಬಗ್ಗೆ ಮಾತು ಶುರುವಾದರೆ ಸಾಕು, ಜನ ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ ಸರ್ಕಾರ ಕೈ ಹಾಕಿದ್ದೆಲ್ಲ ಹಾಳು. ಇನ್ನೊಂದಕ್ಕೆ ವ್ಯಾಪಾರಿ ಮುಟ್ಟಿದ್ದೆಲ್ಲ ಮೋಸ. ಇಬ್ಬರೂ ಹದಿನೆಂಟನೇ ಶತಮಾನದ ಸ್ಕಾಟ್ಲೆಂಡ್‌ನ ಅರ್ಥಶಾಸ್ತ್ರಜ್ಞ ಆ್ಯಡಮ್ ಸ್ಮಿತ್ ಹೆಸರು ಎಳೆದು ತರುತ್ತಾರೆ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನನ್ನ ವಾದ ಇಷ್ಟು. ಮುಕ್ತ ಮಾರುಕಟ್ಟೆಯ ವಿಚಾರ ಹುಟ್ಟಿದ್ದು ಸರ್ಕಾರದ ವಿರುದ್ಧ ಅಲ್ಲ. ಸರ್ಕಾರದ ಬಾಗಿಲಲ್ಲಿ ನಿಂತು ಸವಲತ್ತು ಗಿಟ್ಟಿಸಿಕೊಂಡ ವ್ಯಾಪಾರಿಗಳ ವಿರುದ್ಧ. ಇವೆರಡೂ ಬೇರೆ ಬೇರೆ ವಿಷಯ.

ಸ್ಮಿತ್ ಕಾಲದ ಯುರೋಪ್ ನೋಡಿ. ಯಾವ ಬಟ್ಟೆ ಯಾರು ನೇಯಬೇಕು, ಯಾವ ಸರಕು ಯಾರ ಹಡಗಲ್ಲಿ ಬರಬೇಕು, ಯಾವ ಕಸುಬಿಗೆ ಎಷ್ಟು ವರ್ಷ ಕಲಿಕೆ ಬೇಕು, ಎಲ್ಲಕ್ಕೂ ಕಾನೂನು. ಈ ಕಾನೂನುಗಳನ್ನು ಬೇಕು ಅಂತ ಕೇಳಿ ಮಾಡಿಸಿಕೊಂಡವರು ದೊಡ್ಡ ವ್ಯಾಪಾರಿಗಳು ಮತ್ತು ಕಸುಬುದಾರರ ಸಂಘಗಳು. ಒಂದೇ ಕಸುಬಿನವರು ಒಟ್ಟಿಗೆ ಸೇರಿದರೆ ಮಾತು ಕೊನೆಗೆ ಗಿರಾಕಿಗಳ ವಿರುದ್ಧದ ಸಂಚಿಗೇ ಬಂದು ನಿಲ್ಲುತ್ತದೆ ಅಂತ ಸ್ಮಿತ್ ಬರೆದದ್ದು ಇವರನ್ನು ನೋಡಿಯೇ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಅವರಿಗಿದ್ದ ಸಿಟ್ಟೂ ಅಂಥದ್ದೇ. ಏಕಸ್ವಾಮ್ಯ ಹಿಡಿದ ವ್ಯಾಪಾರಿ ಕಂಪನಿ ದೇಶ ಆಳುವುದಕ್ಕಿಂತ ಕೆಟ್ಟ ಆಡಳಿತ ಇನ್ನೊಂದಿಲ್ಲ ಅನ್ನುವಷ್ಟು ಖಾರವಾಗಿ ಬರೆದಿದ್ದಾರೆ.

1776ರ ಅವರ 'ವೆಲ್ತ್ ಆಫ್ ನೇಷನ್ಸ್' ಪುಸ್ತಕದಲ್ಲಿ ಸರ್ಕಾರಕ್ಕೆ ಮೂರು ಕೆಲಸ ಇದೆ: ರಕ್ಷಣೆ, ನ್ಯಾಯ, ಮತ್ತು ಯಾವ ಒಬ್ಬ ಖಾಸಗಿ ವ್ಯಕ್ತಿಗೂ ಲಾಭ ಗಿಟ್ಟದ ಆದರೆ ಸಮಾಜಕ್ಕೆ ಬೇಕಾದ ಕಾಮಗಾರಿಗಳು. ಮೂರನೆಯದರಲ್ಲಿ ರಸ್ತೆ, ಸೇತುವೆ, ಕಾಲುವೆ, ಬಡವರ ಮಕ್ಕಳ ಶಾಲೆ ಎಲ್ಲ ಬರುತ್ತವೆ. ದಿನವಿಡೀ ಒಂದೇ ಸಣ್ಣ ಕೆಲಸ ಮಾಡುವ ಕೂಲಿಯ ಬುದ್ಧಿ ಮಂಕಾಗುತ್ತದೆ, ಅದನ್ನು ತಡೆಯಲು ಸರ್ಕಾರ ಏನಾದರೂ ಮಾಡಲೇಬೇಕು ಅಂತ ಅವರು ಕಳವಳದಿಂದ ಬರೆದ ಭಾಗ ನನಗೆ ತುಂಬ ಮುಖ್ಯ.

ಬ್ಯಾಂಕುಗಳ ಮಾತು ಇನ್ನೂ ಸ್ಪಷ್ಟ. ಸ್ಕಾಟ್ಲೆಂಡ್‌ನಲ್ಲಿ 1772ರಲ್ಲಿ ಏರ್ ಬ್ಯಾಂಕ್ ಬಿದ್ದುಹೋಯಿತು. ಸ್ಮಿತ್ ಅದನ್ನು ಹತ್ತಿರದಿಂದ ಕಂಡವರು. ಬ್ಯಾಂಕುಗಳು ಸಣ್ಣ ಮೊತ್ತದ ನೋಟು ಹೊರಡಿಸದಂತೆ ತಡೆಯಬೇಕು ಅಂದರು. ಇದು ಸಹಜ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತಲೂ ಒಪ್ಪಿಕೊಂಡರು. ಆದರೆ ಬೆಂಕಿ ಹರಡದ ಹಾಗೆ ಮನೆಗಳ ನಡುವೆ ಗೋಡೆ ಕಟ್ಟಿಸುವುದೂ ಅಡ್ಡಿಯೇ, ಅದನ್ನು ಮಾಡಿಸುತ್ತೇವೆ ತಾನೇ ಅಂತ ಉತ್ತರ ಕೊಟ್ಟರು.

ಇಷ್ಟೆಲ್ಲ ಇರುವಾಗ 'ಅಗೋಚರ ಕೈ', ಅಂದರೆ ತನ್ನ ಲಾಭ ನೋಡಿಕೊಳ್ಳುವವನೂ ಅರಿಯದೆಯೇ ಸಮಾಜಕ್ಕೆ ಒಳಿತು ಮಾಡುತ್ತಾನೆ ಅನ್ನುವ ಮಾತು, ಒಂದನ್ನೇ ಹಿಡಿದು ಇಡೀ ಮನುಷ್ಯನನ್ನು ಅಳೆಯುವುದು ಸರಿಯಲ್ಲ. ಆ ಮಾತು ಆ ಇಡೀ ಪುಸ್ತಕದಲ್ಲಿ ಬರುವುದು ಒಂದೇ ಸಲ.

ನೇರಮಾತು:

ಹಳೇಪುಟ ಹೇಳಿದ ಒಂದೊಂದು ಸಂಗತಿಯೂ ಸರಿ. ಆದರೆ ಒಟ್ಟು ಚಿತ್ರ ವಾಲಿದೆ ಅನ್ನಿಸುತ್ತದೆ.

ಸ್ಮಿತ್ ಕೊಟ್ಟ ವಿನಾಯಿತಿಗಳನ್ನು ಒಂದೆಡೆ ಗುಡ್ಡೆ ಹಾಕಿದರೆ ಅವರು ಇಂದಿನ ಕಲ್ಯಾಣ ರಾಜ್ಯದ ವಕೀಲರ ಥರ ಕಾಣುತ್ತಾರೆ. ಅವರು ಹಾಗಿರಲಿಲ್ಲ. ಪುಸ್ತಕದ ಮುಖ್ಯ ಒತ್ತು ಬೇರೆ ಕಡೆ ಇದೆ. ಜನ ತಮ್ಮ ಬಂಡವಾಳ, ದುಡಿಮೆ ಎಲ್ಲಿ ಹಾಕಬೇಕು ಅಂತ ನಿರ್ಧರಿಸುವಷ್ಟು ತಿಳಿವಳಿಕೆ ಯಾವ ಮಂತ್ರಿಗೂ ಇರುವುದಿಲ್ಲ ಅನ್ನುವುದೇ ಅದರ ಬೆನ್ನೆಲುಬು.

ಧಾನ್ಯದ ವ್ಯಾಪಾರದ ಬಗ್ಗೆ ಅವರು ಬರೆದದ್ದು ನೋಡಿ. ಬೆಳೆ ಕೆಟ್ಟ ವರ್ಷ ವ್ಯಾಪಾರಿ ಬೆಲೆ ಏರಿಸುತ್ತಾನೆ. ಜನ ಕಡಿಮೆ ಕೊಳ್ಳುತ್ತಾರೆ. ಹಾಗಾಗಿ ಇದ್ದ ಧಾನ್ಯ ಮುಂದಿನ ಸುಗ್ಗಿವರೆಗೆ ಬರುತ್ತದೆ. ಸರ್ಕಾರ ಬಲವಂತವಾಗಿ ಬೆಲೆ ಇಳಿಸಿದರೆ ಸಂತೆಗೆ ಧಾನ್ಯವೇ ಬರುವುದಿಲ್ಲ. ಬಂದರೂ ಬೇಗ ಮುಗಿದುಹೋಗುತ್ತದೆ. ಧಾನ್ಯ ವ್ಯಾಪಾರಿಯ ಮೇಲಿನ ಜನರ ಭಯವನ್ನು ಅವರು ಮಾಟಗಾತಿಯರ ಮೇಲಿನ ಭಯಕ್ಕೆ ಹೋಲಿಸಿದ್ದಾರೆ. ಇದು ಅಂಜುತ್ತಾ ಹೇಳಿದ ಮಾತಲ್ಲ.

ಪ್ರಶ್ನೆಗಾರ:

ಒಂದು ಅನುಮಾನ. ಸ್ಮಿತ್‌ಗಿಂತ ಮುಂಚೆ ಯಾರೂ ಈ ಬಗ್ಗೆ ಯೋಚಿಸಲೇ ಇಲ್ವಾ? ಎಲ್ಲ ಪುಸ್ತಕದಲ್ಲೂ ಕತೆ 1776ರಿಂದಲೇ ಶುರುವಾಗುತ್ತದಲ್ಲ.

ತಕ್ಕಡಿ:

ಬೇಕಾದಷ್ಟು ಯೋಚಿಸಿದ್ದರು. ನನಗೆ ಇಷ್ಟವಾದ ಉದಾಹರಣೆ ಚೀನಾದ್ದು.

ಕ್ರಿ.ಪೂ. 81ರಲ್ಲಿ ಹಾನ್ ದೊರೆಯ ಆಸ್ಥಾನದಲ್ಲಿ ಒಂದು ಚರ್ಚೆ ನಡೆಯಿತು. ವಿಷಯ ಉಪ್ಪು ಮತ್ತು ಕಬ್ಬಿಣ. ಹಿಂದಿನ ದೊರೆ ವೂ ಉತ್ತರದ ಗಡಿಯ ಯುದ್ಧಕ್ಕೆ ದುಡ್ಡು ಬೇಕು ಅಂತ ಇವೆರಡನ್ನೂ ಸರ್ಕಾರದ ಏಕಸ್ವಾಮ್ಯ ಮಾಡಿದ್ದ. ಮಂತ್ರಿ ಸಾಂಗ್ ಹೊಂಗ್‌ಯಾಂಗ್ ಅದನ್ನು ಸಮರ್ಥಿಸಿದ. ಗಡಿ ಕಾಯಲು ಹಣ ಎಲ್ಲಿಂದ ತರೋಣ, ಕಬ್ಬಿಣ ಖಾಸಗಿಯವರ ಕೈಗೆ ಹೋದರೆ ಅವರೇ ಪಾಳೇಗಾರರಾಗುವುದಿಲ್ಲವೇ ಅಂತ ಕೇಳಿದ. ಎದುರಿಗಿದ್ದ ವಿದ್ವಾಂಸರು ಬೇರೆ ದೂರು ತಂದಿದ್ದರು. ಸರ್ಕಾರಿ ಕುಲುಮೆಯಲ್ಲಿ ಮಾಡಿದ ಉಪಕರಣ ರೈತರ ಕೆಲಸಕ್ಕೆ ಒಗ್ಗುವುದಿಲ್ಲ. ಗುಣಮಟ್ಟ ಇಲ್ಲ. ಬೇರೆ ಕಡೆ ಕೊಳ್ಳೋಣ ಅಂದರೆ ದಾರಿಯಿಲ್ಲ.

ಎರಡು ಸಾವಿರ ವರ್ಷದ ಹಿಂದಿನ ಮಾತು ಇದು. ಆದರೂ ಎರಡೂ ಕಡೆಯ ವಾದ ಇವತ್ತಿಗೂ ಹಾಗೇ ಬದುಕಿದೆ. ಕೊನೆಗೆ ಆದದ್ದೇನು ಗೊತ್ತಾ? ಮದ್ಯದ ಏಕಸ್ವಾಮ್ಯ ರದ್ದಾಯಿತು. ಉಪ್ಪು, ಕಬ್ಬಿಣ ಸರ್ಕಾರದ ಕೈಯಲ್ಲೇ ಉಳಿಯಿತು.

ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಇನ್ನೊಂದು ಮಾತು ಬರೆದರು. ರಾಜವಂಶದ ಶುರುವಿನಲ್ಲಿ ತೆರಿಗೆ ದರ ಕಡಿಮೆ, ಆದರೆ ಆದಾಯ ಜಾಸ್ತಿ. ಕೊನೆಗಾಲದಲ್ಲಿ ದರ ಜಾಸ್ತಿ, ಆದಾಯ ಕಡಿಮೆ. ದೊರೆಯೇ ವ್ಯಾಪಾರಕ್ಕಿಳಿದರೆ ಪ್ರಜೆಗಳ ವ್ಯಾಪಾರ ಸಾಯುತ್ತದೆ ಅಂತಲೂ ಎಚ್ಚರಿಸಿದರು.

ಇನ್ನು ಸ್ಮಿತ್‌ಗೆ ನೇರವಾಗಿ ಹತ್ತಿರ ಇದ್ದವರು ಫ್ರಾನ್ಸ್‌ನ ಕೆನೆ. ಹದಿನೈದನೇ ಲೂಯಿಯ ಆಸ್ಥಾನ ವೈದ್ಯರು. ದೇಶದಲ್ಲಿ ಹಣ, ಧಾನ್ಯ ಹೇಗೆ ಸುತ್ತುತ್ತದೆ ಅಂತ 1758ರಲ್ಲಿ ಒಂದೇ ನಕ್ಷೆಯಲ್ಲಿ ತೋರಿಸಲು ಹೊರಟವರು. ಅವರು ಬದುಕಿದ್ದಿದ್ದರೆ ಸ್ಮಿತ್ ತಮ್ಮ ಪುಸ್ತಕ ಅವರಿಗೇ ಅರ್ಪಿಸುತ್ತಿದ್ದರು. ಕೆನೆ ತೀರಿಕೊಂಡದ್ದು 1774ರಲ್ಲಿ.

ಹಳೇಪುಟ:

1774 ಅಂದಿರಲ್ಲ, ಅದೇ ವರ್ಷದಿಂದ ಮುಂದುವರಿಸುತ್ತೇನೆ. ಈ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಕಾಡುವ ಮನುಷ್ಯ ಸ್ಮಿತ್ ಅಲ್ಲ, ಟ್ಯುರ್ಗೊ.

ಇವರು ಬರೀ ಬರೆದವರಲ್ಲ, ಆಡಳಿತ ಮಾಡಿದವರು. 1761ರಿಂದ 1774ರವರೆಗೆ ಫ್ರಾನ್ಸ್‌ನ ಲಿಮೋಜ್ ಪ್ರಾಂತ್ಯದ ಅಧಿಕಾರಿಯಾಗಿದ್ದರು. 1770ರ ಸುಮಾರಿಗೆ ಅಲ್ಲಿ ಭೀಕರ ಬರ ಬಂತು. ಧಾನ್ಯ ಸಾಗಣೆ ನಿಲ್ಲಿಸಿ, ಬೆಲೆ ಕಟ್ಟಿಹಾಕಿ ಅಂತ ಎಲ್ಲ ಕಡೆಯಿಂದ ಒತ್ತಡ. ಟ್ಯುರ್ಗೊ ಒಪ್ಪಲಿಲ್ಲ. ಬೆಲೆ ಏರಿದರೆ ತಾನೇ ಬೇರೆ ಊರಿನ ಧಾನ್ಯ ಇಲ್ಲಿಗೆ ಬರುವುದು ಅಂದರು.

ಆದರೆ ಅಲ್ಲಿಗೇ ಕೈಕಟ್ಟಿ ಕೂರಲಿಲ್ಲ. ಬಡವರ ಕೈಗೆ ಕೊಳ್ಳುವ ಶಕ್ತಿ ಬರಬೇಕು ಅಂತ ರಸ್ತೆ ಕೆಲಸದಂಥ ಕಾಮಗಾರಿ ತೆರೆದರು. ಹೆಂಗಸರಿಗೆ, ಮಕ್ಕಳಿಗೆ ನೂಲುವ ಕೆಲಸ ಕೊಡಿಸಿದರು. ಕೆಲಸ ಮಾಡಲಾಗದವರಿಗೆ ಊಟ. ತಮ್ಮ ಜಮೀನು ಉಳುವ ಪಾಲುಗಾರರನ್ನು ಮುಂದಿನ ಸುಗ್ಗಿವರೆಗೆ ಸಾಕುವುದು ಜಮೀನ್ದಾರರ ಹೊಣೆ ಅಂತ ಆಜ್ಞೆ ಮಾಡಿದರು. ಮಾರುಕಟ್ಟೆಯನ್ನು ನಂಬಿದ ಮನುಷ್ಯ ಮಾಡಿದ ಕೆಲಸ ಇದು. ಬೆಲೆ ತನ್ನ ಕೆಲಸ ಮಾಡಲಿ, ಆ ಬೆಲೆ ಕೊಡಲಾಗದವನ ಕೈಗೆ ದುಡ್ಡು ಮುಟ್ಟಲಿ. ಎರಡನ್ನೂ ಒಟ್ಟಿಗೆ ಹಿಡಿದದ್ದೇ ಅವರ ದೊಡ್ಡತನ ಅನ್ನುತ್ತೇನೆ.

1774ರಲ್ಲಿ ಅವರು ಇಡೀ ಫ್ರಾನ್ಸ್‌ನ ಹಣಕಾಸು ಮಂತ್ರಿಯಾದರು. ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಧಾನ್ಯ ವ್ಯಾಪಾರ ಬಿಡುಗಡೆ ಮಾಡಿದರು. ಆ ವರ್ಷವೇ ಬೆಳೆ ಕೆಟ್ಟಿತು. 1775ರ ಏಪ್ರಿಲ್ ಕೊನೆಯಿಂದ ಪ್ಯಾರಿಸ್ ಸುತ್ತಮುತ್ತ ಗಲಭೆ ಎದ್ದಿತು. ಇದಕ್ಕೆ 'ಹಿಟ್ಟಿನ ಯುದ್ಧ' ಅಂತಲೇ ಹೆಸರು. ಒಂದು ಸಂಗತಿ ಗಮನಿಸಿ. ಎಷ್ಟೋ ಕಡೆ ಜನ ಧಾನ್ಯ ದೋಚಿಕೊಂಡು ಓಡಲಿಲ್ಲ. ಮೂಟೆ ಬಿಚ್ಚಿಸಿ, ತಮಗೆ ನ್ಯಾಯ ಅನ್ನಿಸಿದ ಬೆಲೆಯನ್ನು ತಾವೇ ಗೊತ್ತುಮಾಡಿ, ಅಷ್ಟು ದುಡ್ಡು ಎಣಿಸಿಕೊಟ್ಟು ಹೋದರು. ಅವರ ಪಾಲಿಗೆ ಅದು ಕಳ್ಳತನವಾಗಿರಲಿಲ್ಲ. ದೊರೆ ಮರೆತ ಕರ್ತವ್ಯವನ್ನು ತಾವು ಮಾಡುತ್ತಿದ್ದೇವೆ ಅನ್ನುವ ಭಾವನೆ ಇತ್ತು. ಸರ್ಕಾರ ಸೈನ್ಯ ಕಳಿಸಿತು. ಪ್ಯಾರಿಸ್‌ನಲ್ಲಿ ಇಬ್ಬರನ್ನು ಗಲ್ಲಿಗೇರಿಸಿದರು.

ಲಿಮೋಜ್‌ನಲ್ಲಿ ಆಸರೆ ಜೊತೆಯಲ್ಲೇ ಇತ್ತು. ದೇಶದ ಮಟ್ಟದಲ್ಲಿ ಬಿಡುಗಡೆ ಮೊದಲು ಬಂತು, ಆಸರೆ ಸಾಲಲಿಲ್ಲ. ವ್ಯತ್ಯಾಸ ಅಲ್ಲೇ ಇರುವುದು ಅಂತ ನನ್ನ ಓದು.

ನೇರಮಾತು:

ಟ್ಯುರ್ಗೊ ಸೋತದ್ದು ಹಿಟ್ಟಿನ ಗಲಭೆಯಿಂದ ಮಾತ್ರ ಅಲ್ಲ. ಗಲಭೆ ಅಡಗಿದ ಮೇಲೂ ಒಂದು ವರ್ಷ ಅಧಿಕಾರದಲ್ಲಿದ್ದರು. 1776ರ ಶುರುವಿನಲ್ಲಿ ಕಸುಬುದಾರ ಸಂಘಗಳ ಏಕಸ್ವಾಮ್ಯ ತೆಗೆದರು. ರೈತರ ಬಿಟ್ಟಿ ರಸ್ತೆ ಕೆಲಸ ರದ್ದು ಮಾಡಿ ಆ ಖರ್ಚನ್ನು ಜಮೀನಿದ್ದವರ ಮೇಲೆ ಹಾಕಿದರು. ಆಗ ಎದ್ದು ನಿಂತವರು ಹಸಿದವರಲ್ಲ. ಕುಲೀನರು, ನ್ಯಾಯಾಲಯದವರು, ಸಂಘದ ಯಜಮಾನರು. ಮೇ ತಿಂಗಳಲ್ಲಿ ದೊರೆ ಅವರನ್ನು ಮನೆಗೆ ಕಳಿಸಿದ. ಸ್ಮಿತ್ ಪುಸ್ತಕ ಹೊರಬಂದು ಆಗ ಎರಡೇ ತಿಂಗಳು.

ಮುಕ್ತ ವ್ಯಾಪಾರ ಬಡವರಿಗೆ ಏನು ಕೊಟ್ಟಿತು ಅನ್ನುವುದಕ್ಕೆ ಇಂಗ್ಲೆಂಡಿನ ಧಾನ್ಯ ಕಾನೂನು ನೋಡಿ. 1815ರ ಕಾನೂನು ಪ್ರಕಾರ ದೇಶದೊಳಗೆ ಗೋಧಿ ಬೆಲೆ ಕ್ವಾರ್ಟರ್‌ಗೆ (ಧಾನ್ಯದ ಹಳೆಯ ಅಳತೆ) 80 ಷಿಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಮಾರುವಂತಿಲ್ಲ. ಇದರಿಂದ ಲಾಭ ಯಾರಿಗೆ? ಜಮೀನ್ದಾರರಿಗೆ. ಪಾರ್ಲಿಮೆಂಟಿನಲ್ಲಿ ತುಂಬಿದ್ದವರೂ ಅವರೇ. ರೊಟ್ಟಿಗೆ ಜಾಸ್ತಿ ಕೊಟ್ಟವರು ಮಿಲ್ ಕೂಲಿಗಳು. ರಿಚರ್ಡ್ ಕಾಬ್ಡೆನ್, ಜಾನ್ ಬ್ರೈಟ್ ಮ್ಯಾಂಚೆಸ್ಟರ್‌ನಿಂದ ಚಳವಳಿ ಕಟ್ಟಿದರು. ಸಭೆ, ಕರಪತ್ರ, ಸಹಿ ಸಂಗ್ರಹ, ಅಂಚೆ, ಎಲ್ಲ ಬಳಸಿದರು. 1846ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಸ್ವಂತ ಪಕ್ಷವನ್ನೇ ಒಡೆದು ಆ ಕಾನೂನು ತೆಗೆಸಿದರು. ಅಧಿಕಾರವನ್ನೂ ಕಳೆದುಕೊಂಡರು.

ಸರ್ಕಾರದ ಹಸ್ತಕ್ಷೇಪ ಅಂದ ಕೂಡಲೇ ನಾವು ಬಡವರ ಪರ ಅಂತ ಊಹಿಸಿಕೊಳ್ಳುತ್ತೇವೆ. ಇತಿಹಾಸದಲ್ಲಿ ಹೆಚ್ಚಿನ ಕಾಲ ಅದು ಉಳ್ಳವರ ಪರವಾಗಿಯೇ ಇತ್ತು. ಇದನ್ನು ಮರೆಯಬಾರದು.

ಮಣ್ಣಿನದಾರಿ:

ನೇರಮಾತು ಅವರೇ, 1846ರಲ್ಲಿ ನಿಲ್ಲಿಸಿಬಿಟ್ಟಿರಿ. ಮುಂದಿನ ವರ್ಷ ಐರ್ಲೆಂಡಿನಲ್ಲಿ ಏನಾಯಿತು ಅಂತ ಹೇಳದೆ ಈ ಕತೆ ಮುಗಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

1845ರಲ್ಲಿ ಆಲೂಗಡ್ಡೆಗೆ ರೋಗ ಬಂತು. ಬಡ ಐರಿಷ್ ಕುಟುಂಬಗಳಿಗೆ ಅದೇ ಊಟ, ಬೇರೇನೂ ಇಲ್ಲ. ಮೊದಲ ವರ್ಷ ಪೀಲ್ ಸರ್ಕಾರ ಸದ್ದಿಲ್ಲದೆ ಅಮೆರಿಕದಿಂದ ಒಂದು ಲಕ್ಷ ಪೌಂಡ್ ಮೌಲ್ಯದ ಮೆಕ್ಕೆಜೋಳ ತರಿಸಿ ಹಂಚಿತು. 1846ರಲ್ಲಿ ಬೆಳೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಅಷ್ಟರಲ್ಲಿ ಜಾನ್ ರಸೆಲ್ ಪ್ರಧಾನಿಯಾಗಿದ್ದರು. ಖಜಾನೆಯಲ್ಲಿ ಪರಿಹಾರದ ಉಸ್ತುವಾರಿ ಚಾರ್ಲ್ಸ್ ಟ್ರೆವೆಲಿಯನ್ ಅವರದು. ಧಾನ್ಯ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು, ಹಾಕಿದರೆ ವ್ಯಾಪಾರಿಗಳು ಹಿಂದೆ ಸರಿಯುತ್ತಾರೆ ಅನ್ನುವುದು ಇವರ ದೃಢ ನಂಬಿಕೆ. ಅದೇ ಸ್ಮಿತ್ ವಾದ, ಅದೇ ಟ್ಯುರ್ಗೊ ವಾದ. ಹಸಿದ ಊರುಗಳ ಮುಂದೆಯೇ ಓಟ್ಸ್, ದನ, ಬೆಣ್ಣೆ ಬಂದರಿಗೆ ಹೋದವು.

ಕಾಮಗಾರಿಗಳನ್ನೂ ತೆರೆದರು. 1847ರ ಮಾರ್ಚ್‌ನಲ್ಲಿ ಸುಮಾರು 7 ಲಕ್ಷ ಜನ ಕಲ್ಲು ಒಡೆದು ರಸ್ತೆ ಮಾಡುತ್ತಿದ್ದರು. ಆದರೆ ಕೂಲಿ ಬೆಲೆಯ ಹಿಂದೆ ಓಡಲಾಗಲಿಲ್ಲ. ದಿನವಿಡೀ ದುಡಿದರೂ ಮನೆಮಂದಿಗೆ ಸಾಕಾಗುವಷ್ಟು ಹಿಟ್ಟು ಬರುತ್ತಿರಲಿಲ್ಲ. ಚಳಿಯಲ್ಲಿ, ಹರಿದ ಬಟ್ಟೆಯಲ್ಲಿ, ಜ್ವರ ಹಿಡಿದ ಮೈಯಲ್ಲಿ ಕೆಲಸ. ಎಷ್ಟೋ ಜನ ಆ ರಸ್ತೆಗಳ ಮೇಲೇ ಸತ್ತರು.

ಆಮೇಲೆ ಅದೇ ಸರ್ಕಾರ ಗಂಜಿ ಕೇಂದ್ರ ತೆರೆಯಿತು. 1847ರ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಊಟ ಹಾಕಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತಿತ್ತು! ಅದನ್ನು ಕೆಲವೇ ತಿಂಗಳಲ್ಲಿ ಮುಚ್ಚಿದರು. ಮುಂದಿನ ಹೊಣೆಯನ್ನು ಐರ್ಲೆಂಡಿನ ಸ್ಥಳೀಯ ತೆರಿಗೆಯ ಮೇಲೆ ಹೊರಿಸಿದರು. ಕಾಲು ಎಕರೆಗಿಂತ ಜಾಸ್ತಿ ಜಮೀನು ಹಿಡಿದವರಿಗೆ ಪರಿಹಾರ ಇಲ್ಲ ಅನ್ನುವ ನಿಯಮವೂ ಬಂತು. ಹಾಗಾಗಿ ಒಂದು ಹೊತ್ತಿನ ಗಂಜಿಗಾಗಿ ರೈತ ಜಮೀನು ಬಿಟ್ಟುಕೊಟ್ಟು ಬೀದಿಗೆ ಬರಬೇಕಾಯಿತು. ಆ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ ಅಷ್ಟೇ ಜನ ದೇಶ ಬಿಟ್ಟರು.

ಇಂಗ್ಲೆಂಡಿನ ಕೂಲಿಗೆ ರೊಟ್ಟಿ ಅಗ್ಗ ಮಾಡಿದ ತತ್ವವೇ ಇಲ್ಲಿ ಸಾವಿಗೆ ಸಮರ್ಥನೆಯಾಯಿತು. ಇದನ್ನು ಅರಗಿಸಿಕೊಳ್ಳದೆ ಮುಕ್ತ ಮಾರುಕಟ್ಟೆ ಬಗ್ಗೆ ಮಾತಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕಿಗ:

ಮಣ್ಣಿನದಾರಿ ಹೇಳಿದ್ದಕ್ಕೆ ಒಂದು ಸಂಗತಿ ಸೇರಿಸಬೇಕು. 1847ರಲ್ಲಿ ಐರ್ಲೆಂಡಿನಿಂದ ಹೊರಗೆ ಹೋದ ಧಾನ್ಯಕ್ಕಿಂತ ಒಳಗೆ ಬಂದ ಧಾನ್ಯ ತುಂಬ ಜಾಸ್ತಿ. ವ್ಯಾಪಾರ ಕೆಲಸ ಮಾಡಿತು. ಆದರೆ ತಡವಾಗಿ. ಅತಿ ಕಷ್ಟದ ಚಳಿಗಾಲ ದಾಟಿದ ಮೇಲೆ ಹಡಗುಗಳು ಬಂದವು. ಬಂದ ಮೇಲೂ ಕೊಳ್ಳಲು ಜನರ ಕೈಯಲ್ಲಿ ದುಡ್ಡಿರಲಿಲ್ಲ.

ಅಮರ್ತ್ಯ ಸೇನ್ 1981ರಲ್ಲಿ ಇದನ್ನೇ ಸಿದ್ಧಾಂತವಾಗಿ ಕಟ್ಟಿಕೊಟ್ಟರು. ಆಹಾರ ಇಲ್ಲದೆ ಮಾತ್ರ ಕ್ಷಾಮ ಬರುವುದಿಲ್ಲ, ಆಹಾರದ ಮೇಲೆ ಹಕ್ಕು ಇಲ್ಲದೆಯೂ ಬರುತ್ತದೆ. ಮಾರುಕಟ್ಟೆ ಹಸಿವನ್ನು ನೋಡುವುದಿಲ್ಲ, ದುಡ್ಡಿನ ಬೆನ್ನಿಗಿರುವ ಬೇಡಿಕೆಯನ್ನು ನೋಡುತ್ತದೆ. ಟ್ಯುರ್ಗೊ ಲಿಮೋಜ್‌ನಲ್ಲಿ ಇದನ್ನು ಅರ್ಥ ಮಾಡಿಕೊಂಡಿದ್ದರು. ಅವರ ವಾದವನ್ನೇ ಹಿಡಿದ ಟ್ರೆವೆಲಿಯನ್ ಅರ್ಧ ಮಾತ್ರ ಹಿಡಿದರು.

ನೇರಮಾತು:

ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಐರಿಷ್ ರೈತನಿಗೆ ಆಲೂಗಡ್ಡೆ ಬಿಟ್ಟು ಬೇರೇನೂ ಉಳಿಯದಂತೆ ಮಾಡಿದ್ದು ಯಾವುದು? ಯುದ್ಧದಲ್ಲಿ ಕಿತ್ತುಕೊಂಡು ಹಂಚಿದ ಜಮೀನು. ಕ್ಯಾಥೊಲಿಕರು ಜಮೀನು ಕೊಳ್ಳದಂತೆ ಬಹಳ ಕಾಲ ತಡೆದ ಕಾನೂನು. ಅದು ಮುಕ್ತ ಮಾರುಕಟ್ಟೆ ಅಲ್ಲ, ಗೆದ್ದವರ ಆಡಳಿತ. ಬರದ ವರ್ಷ ಮಾತ್ರ 'ಸರ್ಕಾರ ಕೈ ಹಾಕಬಾರದು' ಅನ್ನುವುದು ಅನ್ಯಾಯ ಅಂತ ನಾನೂ ಹೇಳುತ್ತೇನೆ.

ಪ್ರಶ್ನೆಗಾರ:

ಇಷ್ಟು ಓದಿದ ಮೇಲೆ ಎಲ್ಲವನ್ನೂ ಸರ್ಕಾರವೇ ಯೋಜನೆ ಮಾಡಿ ನಡೆಸಲಿ ಅಂತ ಜನರಿಗೆ ಯಾಕೆ ಅನ್ನಿಸಿತು ಅಂತ ಅರ್ಥವಾಗುತ್ತದೆ. ಆದರೆ ಅದು ಯಾಕೆ ನಡೆಯಲಿಲ್ಲ? ಸೋಮಾರಿತನ, ಭ್ರಷ್ಟಾಚಾರ ಅಷ್ಟೇನಾ?

ತಕ್ಕಡಿ:

ಅಷ್ಟೇ ಅಲ್ಲ. ಎಲ್ಲರೂ ಪ್ರಾಮಾಣಿಕರಾಗಿದ್ದರೂ ತೊಡಕು ಇರುತ್ತಿತ್ತು. ಅದನ್ನು ತೋರಿಸಿದ್ದೇ ಇಪ್ಪತ್ತನೇ ಶತಮಾನದ ದೊಡ್ಡ ಚರ್ಚೆ.

1920ರಲ್ಲಿ ವಿಯೆನ್ನಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ ಒಂದು ಪ್ರಶ್ನೆ ಎತ್ತಿದರು. ಯಂತ್ರ, ಜಮೀನು, ಕಚ್ಚಾ ಮಾಲು ಎಲ್ಲ ಸರ್ಕಾರದ್ದೇ ಆದರೆ ಅವುಗಳ ಕೊಡುಕೊಳ್ಳುವಿಕೆ ಇರುವುದಿಲ್ಲ. ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಬೆಲೆ ಇಲ್ಲ. ಬೆಲೆ ಇಲ್ಲದಿದ್ದರೆ ಸೇತುವೆಯನ್ನು ಉಕ್ಕಿನಲ್ಲಿ ಕಟ್ಟಬೇಕೋ ಕಲ್ಲಿನಲ್ಲೋ ಅಂತ ಯಾವ ಲೆಕ್ಕದ ಮೇಲೆ ಹೇಳುತ್ತೀರಿ? (ಸೇತುವೆ ನನ್ನ ಉದಾಹರಣೆ.) ಪೋಲೆಂಡಿನ ಆಸ್ಕರ್ ಲಾಂಗೆ ಉತ್ತರ ಕೊಟ್ಟರು. ಯೋಜನಾ ಮಂಡಳಿಯೇ ಒಂದು ಬೆಲೆ ಇಟ್ಟು ನೋಡಲಿ. ಸರಕು ಉಳಿದರೆ ಇಳಿಸಲಿ, ಸಾಲದಿದ್ದರೆ ಏರಿಸಲಿ. ಬುದ್ಧಿವಂತ ಉತ್ತರವೇ.

ವಿಯೆನ್ನಾದವರೇ ಆದ ಅರ್ಥಶಾಸ್ತ್ರಜ್ಞ ಫ್ರೀಡ್ರಿಷ್ ಹಯೆಕ್ 1945ರಲ್ಲಿ ಚರ್ಚೆಯನ್ನು ಇನ್ನೊಂದು ಮೆಟ್ಟಿಲು ಮೇಲೆ ಒಯ್ದರು. ಅವರ ಉದಾಹರಣೆ ತವರ. ಜಗತ್ತಿನಲ್ಲಿ ಎಲ್ಲೋ ತವರಕ್ಕೆ ಹೊಸ ಬಳಕೆ ಸಿಕ್ಕಿತು ಅಥವಾ ಎಲ್ಲೋ ಒಂದು ಗಣಿ ನಿಂತಿತು ಅಂದುಕೊಳ್ಳಿ. ತವರ ಬಳಸುವ ಸಾವಿರಾರು ಜನರಿಗೆ ಕಾರಣ ಗೊತ್ತಾಗಬೇಕಿಲ್ಲ. ಬೆಲೆ ಏರಿದ್ದು ಕಂಡರೆ ಸಾಕು. ಒಬ್ಬೊಬ್ಬರೂ ಸ್ವಲ್ಪ ಉಳಿಸುತ್ತಾರೆ, ಬದಲಿ ಹುಡುಕುತ್ತಾರೆ. ಸಮಾಜಕ್ಕೆ ಬೇಕಾದ ತಿಳಿವಳಿಕೆ ಎಲ್ಲೂ ಒಂದೆಡೆ ಸೇರಿರುವುದಿಲ್ಲ. ಅದು ಜನರ ನಡುವೆ ಚೂರುಚೂರಾಗಿ ಹರಡಿರುತ್ತದೆ. ಯಾವ ಮಂಡಳಿಯೂ ಅದನ್ನು ಪೂರ್ತಿ ಒಟ್ಟುಗೂಡಿಸಲಾರದು.

ಇದಕ್ಕೆ ಜೋಡಿಯಾದ ಸಂಗತಿ ಸೋವಿಯತ್ ಒಳಗೇ ಇದೆ. 1930ರ ದಶಕದ ಕೊನೆಯಲ್ಲಿ ಲೆನಿನ್‌ಗ್ರಾಡ್‌ನ ಪ್ಲೈವುಡ್ ಸಂಸ್ಥೆಯೊಂದು ಯುವ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಬಳಿ ಬಂತು. ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆ ಮರ ಹೇಗೆ ಹಂಚಿದರೆ ಉತ್ಪಾದನೆ ಜಾಸ್ತಿ ಆಗುತ್ತದೆ ಅನ್ನುವುದು ಕೇಳಿಕೆ. ಅವರು ದಾರಿ ಕಂಡುಹಿಡಿದರು. ಆ ಲೆಕ್ಕದ ಹೊಟ್ಟೆಯೊಳಗೆ ಒಂದು ಅಂಕಿ ಕೂತಿತ್ತು. ಪ್ರತಿ ಯಂತ್ರದ, ಪ್ರತಿ ಸರಕಿನ ಕೊರತೆ ಎಷ್ಟು ಅಂತ ಹೇಳುವ ಅಂಕಿ. ಅದು ಕೆಲಸದಲ್ಲಿ ಬೆಲೆಯೇ! ಆ ಮಾತನ್ನು ಅಲ್ಲಿ ಬಾಯಿಬಿಟ್ಟು ಹೇಳುವುದು ಅಪಾಯವಾಗಿತ್ತು. 1975ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಬೆಳಕಿಂಡಿ:

ಒಂದು ಎಳೆ ಬಿಟ್ಟುಹೋಗಿದೆ. ಬ್ರಿಟನ್ ಮುಕ್ತ ವ್ಯಾಪಾರ ಬೋಧಿಸಿದ್ದು ತನ್ನ ಕಾರ್ಖಾನೆಗಳು ಬಲಿತ ಮೇಲೆ. ಅದಕ್ಕೂ ಮುಂಚೆ 1651ರಿಂದ ಹಡಗು ಕಾನೂನು, ಹೊರಗಿನ ಬಟ್ಟೆಗೆ ತಡೆ ಎಲ್ಲ ಇತ್ತು. ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲೇ ಎಳೆಯ ಉದ್ಯಮಗಳಿಗೆ ಆಸರೆ ಬೇಕು ಅಂದರು. ಜರ್ಮನಿಯ ಫ್ರೀಡ್ರಿಷ್ ಲಿಸ್ಟ್ 1841ರಲ್ಲಿ ಇನ್ನೂ ನೇರವಾಗಿ ಬರೆದರು: ಮೇಲೆ ಹತ್ತಿದವರು ಏಣಿ ಒದೆಯುತ್ತಿದ್ದಾರೆ. ಅಮೆರಿಕ ಹತ್ತೊಂಬತ್ತನೇ ಶತಮಾನದ ಬಹುಪಾಲು ಎತ್ತರದ ಸುಂಕದ ಹಿಂದೆಯೇ ಬೆಳೆಯಿತು. ಸುಂಕದಿಂದಲೇ ಬೆಳೆಯಿತೋ ಸುಂಕ ಇದ್ದರೂ ಬೆಳೆಯಿತೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಆದರೆ ಸಿರಿವಂತ ದೇಶಗಳು ಬರೀ ಮುಕ್ತ ವ್ಯಾಪಾರದಿಂದ ಸಿರಿವಂತವಾದವು ಅನ್ನುವುದಂತೂ ನಿಜವಲ್ಲ.

ಲೆಕ್ಕಿಗ:

1930ರ ದಶಕದ ಬಗ್ಗೆಯೂ ಒಂದು ಮಾತು. 1933ರಲ್ಲಿ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಕೂಲಿ ಇಳಿದರೆ ಎಲ್ಲ ತಾನೇ ಸರಿಹೋಗುತ್ತದೆ ಅಂತ ಹಳೆಯ ಪಾಠ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಬೇರೆ ಉತ್ತರ ಕೊಟ್ಟರು. ಎಲ್ಲರೂ ಒಟ್ಟಿಗೆ ಖರ್ಚು ನಿಲ್ಲಿಸಿದರೆ ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾದ್ದರಿಂದ ಆರ್ಥಿಕತೆ ತಳದಲ್ಲೇ ಸಿಕ್ಕಿಕೊಳ್ಳಬಹುದು. ಆಗ ಖರ್ಚು ಮಾಡಬಲ್ಲವರು ಸರ್ಕಾರ ಮಾತ್ರ.

ಕೇನ್ಸ್ ವಿರೋಧಿ ಅಂತ ಹೆಸರಾದ ಮಿಲ್ಟನ್ ಫ್ರೀಡ್‌ಮನ್ ಏನಂದರು ನೋಡಿ. ಆ್ಯನಾ ಶ್ವಾರ್ಟ್ಸ್ ಜೊತೆ 1963ರಲ್ಲಿ ಅವರು ತೋರಿಸಿದ್ದು: 1929ರಿಂದ 1933ರೊಳಗೆ ಅಮೆರಿಕದಲ್ಲಿ ಹಣದ ಮೊತ್ತ ಮೂರನೇ ಒಂದು ಭಾಗದಷ್ಟು ಕುಸಿಯಿತು, ಕೇಂದ್ರ ಬ್ಯಾಂಕ್ ಅದನ್ನು ತಡೆಯದೆ ಬಿಟ್ಟಿತು. ಅಂದರೆ ಮಾರುಕಟ್ಟೆಯ ಅತಿ ದೊಡ್ಡ ವಕೀಲರ ಆರೋಪವೂ 'ಸಾರ್ವಜನಿಕ ಸಂಸ್ಥೆಯೊಂದು ಮಾಡಬೇಕಾದ ಕೆಲಸ ಮಾಡಲಿಲ್ಲ' ಅಂತಲೇ.

ಹೀಗಂತ ಸರ್ಕಾರ ಮುಟ್ಟಿದ್ದೆಲ್ಲ ಚಿನ್ನ ಅಲ್ಲ. 1971ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ಅಮೆರಿಕದ ಬೆಲೆ, ಕೂಲಿ ಎಲ್ಲ 90 ದಿನ ಕಟ್ಟಿಹಾಕಿದರು. ಸ್ವಲ್ಪ ಕಾಲ ಹಣದುಬ್ಬರ ಅಡಗಿದಂತೆ ಕಂಡಿತು, ಆಮೇಲೆ ಎರಡು ಪಟ್ಟು ಜೋರಾಗಿ ಎದ್ದಿತು. 1948ರ ಜರ್ಮನಿಯಲ್ಲಿ ಉಲ್ಟಾ ನಡೆಯಿತು. ಹೊಸ ನಾಣ್ಯ ಬಂದ ಜೊತೆಗೇ ಅಲ್ಲಿನ ಆರ್ಥಿಕ ಆಡಳಿತದ ಮುಖ್ಯಸ್ಥ ಲುಡ್ವಿಗ್ ಎರ್ಹಾರ್ಡ್ ಬಹಳಷ್ಟು ಸರಕುಗಳ ಬೆಲೆ ನಿಯಂತ್ರಣ ತೆಗೆದರು. ಬಚ್ಚಿಟ್ಟ ಸರಕು ಅಂಗಡಿಗೆ ಬಂತು. ಬೆಲೆಯೂ ಏರಿತು, ನವೆಂಬರ್‌ನಲ್ಲಿ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿದರು. ಎರ್ಹಾರ್ಡ್ ಹಿಂದೆ ಸರಿಯಲಿಲ್ಲ. ಆದರೆ ಅದೇ ಎರ್ಹಾರ್ಡ್ ಕಂಪನಿಗಳು ಒಳಒಪ್ಪಂದ ಮಾಡಿಕೊಳ್ಳದಂತೆ ಕಾನೂನು ತರಲು ವರ್ಷಗಟ್ಟಲೆ ಉದ್ಯಮಿಗಳ ಜೊತೆಯೇ ಗುದ್ದಾಡಿ 1957ರಲ್ಲಿ ಅದನ್ನು ಪಾಸು ಮಾಡಿಸಿದರು. ಪೈಪೋಟಿ ತಾನೇ ಉಳಿಯುವುದಿಲ್ಲ, ಅದನ್ನು ಉಳಿಸಬೇಕು ಅನ್ನುವುದು ಅವರ ಬಳಗದ ನಂಬಿಕೆ.

ಪ್ರಶ್ನೆಗಾರ:

ಹಾಗಾದರೆ ಪೂರ್ತಿ ಸರ್ಕಾರದ ಕೆಲಸ ಅಂತ ಎಲ್ಲರೂ ಒಪ್ಪುವಂಥದ್ದು ಏನಾದರೂ ಇದೆಯಾ? ಪಠ್ಯದಲ್ಲಿ ಹಡಗಿಗೆ ದಾರಿ ತೋರುವ ದೀಪಸ್ತಂಭದ (ಲೈಟ್‌ಹೌಸ್) ಉದಾಹರಣೆ ಓದಿದ ನೆನಪು.

ನೇರಮಾತು:

ಅದೇ ಉದಾಹರಣೆ ಪೂರ್ತಿ ನಿಲ್ಲುವುದಿಲ್ಲ. ಹಾದುಹೋಗುವ ಹಡಗಿನಿಂದ ದುಡ್ಡು ವಸೂಲಿ ಮಾಡಲು ಆಗುವುದಿಲ್ಲ, ಹಾಗಾಗಿ ಖಾಸಗಿಯವರು ದೀಪಸ್ತಂಭ ಕಟ್ಟುವುದಿಲ್ಲ ಅಂತ ಜಾನ್ ಸ್ಟುವರ್ಟ್ ಮಿಲ್ 1848ರಲ್ಲಿ ಬರೆದರು. ಮುಂದೆ ನೂರು ವರ್ಷ ಎಲ್ಲರೂ ಅದನ್ನೇ ಹೇಳಿದರು. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1974ರಲ್ಲಿ ದಾಖಲೆ ತೆಗೆದು ನೋಡಿದರೆ ಇಂಗ್ಲೆಂಡಿನಲ್ಲಿ ಖಾಸಗಿ ದೀಪಸ್ತಂಭಗಳು ಬಹಳ ಇದ್ದವು. ಪ್ಲಿಮತ್ ಹತ್ತಿರದ ಎಡ್ಡಿಸ್ಟೋನ್ ಬಂಡೆಯ ಮೇಲೆ ಮೊದಲ ದೀಪವನ್ನು ಹೆನ್ರಿ ವಿನ್‌ಸ್ಟನ್ಲಿ ಖಾಸಗಿಯಾಗಿಯೇ ಕಟ್ಟಿದರು. 1703ರ ಬಿರುಗಾಳಿಗೆ ಆ ಸ್ತಂಭ ಕೊಚ್ಚಿಹೋದಾಗ ಅವರು ಅದರೊಳಗೇ ಇದ್ದರು. ಕೆಲವೇ ವರ್ಷದಲ್ಲಿ ಇನ್ನೊಂದು ಎದ್ದಿತು, ಅದೂ ಖಾಸಗಿ ಹಣದಲ್ಲೇ.

ಹಳೇಪುಟ:

ಕೋಸ್ ಬರೆದದ್ದನ್ನೇ ಇನ್ನೊಂದು ಪುಟ ಮುಂದೆ ಓದಬೇಕು. ಆ ಖಾಸಗಿ ಮಾಲೀಕರು ವಸೂಲಿ ಹೇಗೆ ಮಾಡುತ್ತಿದ್ದರು? ರಾಜನ ಸನ್ನದು ಅಥವಾ ಪಾರ್ಲಿಮೆಂಟಿನ ಕಾನೂನು ಅವರಿಗೆ ಹಕ್ಕು ಕೊಟ್ಟಿತ್ತು. ಶುಲ್ಕ ಎಷ್ಟು ಅಂತಲೂ ಅಲ್ಲೇ ಬರೆದಿತ್ತು. ಹಡಗು ಬಂದರಿಗೆ ಬಂದಾಗ ಹಣ ಕಟ್ಟಬೇಕು. ವಸೂಲಿ ಮಾಡುವವರು ಎಷ್ಟೋ ಕಡೆ ಸುಂಕದ ಕಟ್ಟೆಯ ಅಧಿಕಾರಿಗಳೇ. ಕೊಡುವುದಿಲ್ಲ ಅನ್ನುವ ಆಯ್ಕೆ ನಾವಿಕನಿಗೆ ಇರಲಿಲ್ಲ. ಕಟ್ಟುವ ಧೈರ್ಯ, ಖರ್ಚು, ಜಾಣ್ಮೆ ಖಾಸಗಿಯವರದು. ವಸೂಲಿಯ ಬಲ ಸರ್ಕಾರದ್ದು.

ಆಮೇಲೆ ಆದದ್ದೂ ಹೇಳಬೇಕು. ಶುಲ್ಕ ಜಾಸ್ತಿ ಆಯಿತು ಅಂತ ಹಡಗು ಮಾಲೀಕರೇ ದೂರಿದರು. 1836ರ ಕಾನೂನು ಖಾಸಗಿ ದೀಪಸ್ತಂಭಗಳನ್ನೆಲ್ಲ ಕೊಳ್ಳುವ ಅಧಿಕಾರವನ್ನು ದೀಪಸ್ತಂಭಗಳ ಉಸ್ತುವಾರಿ ಸಂಸ್ಥೆಯಾದ ಟ್ರಿನಿಟಿ ಹೌಸ್‌ಗೆ ಕೊಟ್ಟಿತು. ಸ್ಕೆರೀಸ್ ಅನ್ನುವ ಒಂದೇ ದೀಪಸ್ತಂಭಕ್ಕೆ ನಾಲ್ಕು ಲಕ್ಷ ಪೌಂಡ್‌ಗೂ ಜಾಸ್ತಿ ಪರಿಹಾರ ಕೊಡಬೇಕಾಯಿತು. ಮುಳುಗುವ ಹಡಗು ಉಳಿಸುವ ದೀಪವೊಂದರ ಮೇಲಿನ ಹಕ್ಕಿಗೆ ಅಷ್ಟು ಬೆಲೆ ಬಂದಿತ್ತು ಅಂದರೆ, ಅದು ಪೈಪೋಟಿಯಲ್ಲಿ ಹುಟ್ಟಿದ ಲಾಭ ಅಲ್ಲ. ಪ್ರತಿ ಹಡಗೂ ಕಟ್ಟಲೇಬೇಕು ಅಂತ ಕಾನೂನು ಹೇಳಿದ್ದರಿಂದ ಬಂದ ಲಾಭ. ಆ ಹಕ್ಕು ಕೊಡುವಾಗ ಅದಕ್ಕೊಂದು ಮುಕ್ತಾಯದ ವರ್ಷ ಬರೆದಿದ್ದರೆ ಅಷ್ಟು ದುಡ್ಡು ಸುರಿಯುವ ಪ್ರಮೇಯವೇ ಬರುತ್ತಿರಲಿಲ್ಲ.